ಪಿಸ್ತೂಲ್ ತಗೊಳ್ಳೋದಾದ್ರೆ ಯಾವ ಕ್ಯಾಲಿಬರ್? ಕಡೂರು, ತರೀಕೆರೆ, ಅಜ್ಜಂಪುರದಿಂದ ಬಂದ ಪ್ರಶ್ನೆಗೆ ಉತ್ತರ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿದ್ದೀರೋ, ತೋಟದಲ್ಲಿ ಮೋಟಾರ್ ಆನ್ ಮಾಡಿ ಕರೆಂಟ್ ಹೋಗೋವರೆಗೂ ಅಂತ ಕೇಳ್ತಿದ್ದೀರೋ, ಅಂತೂ ಇಯರ್‌ಫೋನ್ ಹಾಕ್ಕೊಂಡಿದ್ದೀರಲ್ಲ, ಥ್ಯಾಂಕ್ಸ್.

ಇವತ್ತಿನ ವಿಷಯ ಸ್ವಲ್ಪ ಬೇರೆ ತರಹ ಇದೆ. ಅಡಿಕೆ ಸೀಸನ್ ಶುರುವಾದಾಗಿಂದ ನಮಗೆ ಒಂದೇ ಬಗೆಯ ವಾಯ್ಸ್ ಮೆಸೇಜ್ ಬರ್ತಾ ಇದೆ. ತರೀಕೆರೆಯಿಂದ ಒಬ್ಬರು, ಅಜ್ಜಂಪುರದ ಕಡೆಯಿಂದ ಇಬ್ಬರು, ಕಡೂರಿನಿಂದ ಒಬ್ಬ ಕೊಬ್ಬರಿ ವ್ಯಾಪಾರಿಯ ಮಗ. ಎಲ್ಲರ ಪ್ರಶ್ನೆಯ ಸಾರ ಇಷ್ಟೇ: "ಬ್ರೋ, ಸೇಫ್ಟಿಗೆ ಒಂದು ಪಿಸ್ತೂಲ್ ತಗೋಬೇಕು ಅಂತಿದ್ದೀವಿ. ಅಂಗಿ ಒಳಗೆ ಇಟ್ಕೊಂಡು ಓಡಾಡೋಕೆ ಯಾವ ಕ್ಯಾಲಿಬರ್ ಒಳ್ಳೇದು? ನೈನ್ ಎಂಎಂ ತಗೊಳ್ಳೋದಾ, ಫಾರ್ಟಿಫೈವ್ ತಗೊಳ್ಳೋದಾ?"

ನಾನು ಬಿ.ಕಾಂ ಓದಿದವನು. ಪೊಲೀಸ್ ಅಲ್ಲ, ವಕೀಲ ಅಲ್ಲ, ಶೂಟರ್ ಅಂತೂ ಅಲ್ಲವೇ ಅಲ್ಲ. ಆದ್ರೆ ಕಾಯ್ದೆ ಓದೋಕೆ ಬರುತ್ತೆ, ಲೆಕ್ಕ ಹಾಕೋಕೆ ಬರುತ್ತೆ. ಜೊತೆಗೆ ಈ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಕೂತಿದೆ. ನಮ್ಮ ಸೋದರಮಾವ ತರೀಕೆರೆ ಸೀಮೆಯಲ್ಲಿ ಅಡಿಕೆ ಖೇಣಿ ಮಾಡ್ತಾರೆ. ಅವರ ಕಥೆ ಆಮೇಲೆ ಹೇಳ್ತೀನಿ. ಮೊದಲು ಪ್ರಶ್ನೆಗೆ ನೇರ ಉತ್ತರ ಕೊಟ್ಟುಬಿಡೋಣ.

ಕ್ಯಾಲಿಬರ್ ಆರಿಸೋದು ನೀವಲ್ಲ

ಯೂಟ್ಯೂಬ್‌ನಲ್ಲಿ ನೀವು ನೋಡೋ ವಿಡಿಯೋಗಳು ಹೆಚ್ಚಿನವು ಅಮೆರಿಕದವು. ಅಲ್ಲಿ ಅಂಗಡಿಗೆ ಹೋಗಿ 9 ಎಂಎಂ ಬೇಕಾ, .45 ಬೇಕಾ, .380 ಬೇಕಾ ಅಂತ ಚಪ್ಪಲಿ ಸೈಜ್ ನೋಡಿದ ಹಾಗೆ ನೋಡ್ತಾರೆ. ಜೆಲ್ಲಿ ಥರದ ಗಡ್ಡೆಗೆ ಹೊಡೆದು ಗುಂಡು ಎಷ್ಟು ಇಂಚು ಒಳಗೆ ಹೋಯ್ತು ಅಂತ ಅಳೀತಾರೆ. ಕಾಮೆಂಟಲ್ಲಿ ಜಗಳ ಆಡ್ತಾರೆ. ನೋಡೋಕೆ ಮಜಾ ಇರುತ್ತೆ.

ನಮ್ಮಲ್ಲಿ ಆ ಜಗಳಕ್ಕೆ ಜಾಗವೇ ಇಲ್ಲ. ಯಾಕಂದ್ರೆ 9 ಎಂಎಂ, .380, .455, .45 ಈ ತೋಟೆಗಳು ಹಿಡಿಸುವ ಯಾವ ಪಿಸ್ತೂಲ್, ರಿವಾಲ್ವರ್ ಆದರೂ ಸಾಮಾನ್ಯ ನಾಗರಿಕರಿಗೆ ಸಿಗಲ್ಲ. ಕಾನೂನಿನ ಭಾಷೆಯಲ್ಲಿ ಅವು ನಿರ್ಬಂಧಿತ ಬೋರ್. ರೈಫಲ್‌ನಲ್ಲಿ .303 ಮತ್ತು 7.62 ಕೂಡ ಇದೇ ಪಟ್ಟಿ. ಅದಕ್ಕೆ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡೋ ಹಾಗೂ ಇಲ್ಲ, ವಿಷಯ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗುತ್ತೆ.

ಇದರ ಹಿಂದಿನ ತರ್ಕ ಸರಳ. ಸೈನ್ಯ ಮತ್ತು ಪೊಲೀಸರು ಬಳಸೋ ತೋಟೆ ಜನರ ಬಂದೂಕಿಗೆ ಹೊಂದಬಾರದು. ಹೊಂದಿದ್ರೆ ಠಾಣೆಯಿಂದಲೋ ಕ್ಯಾಂಪಿಂದಲೋ ಕದ್ದ ತೋಟೆ ಹೊರಗಡೆ ಉಪಯೋಗಕ್ಕೆ ಬಂದುಬಿಡುತ್ತೆ. ಬ್ರಿಟಿಷರಿಗೆ ಇದ್ದ ಭಯ ಅದು. ಅವರು ಹೋದರು, ಪಟ್ಟಿ ಉಳೀತು. ಅದಕ್ಕೇ ನಮ್ಮ ದೇಶದಲ್ಲಿ .315 ರೈಫಲ್, .32 ರಿವಾಲ್ವರ್ ಅಂತ ಬೇರೆ ಕಡೆ ಅಷ್ಟಾಗಿ ಕೇಳದ ಅಳತೆಗಳು ಮನೆಮಾತಾಗಿರೋದು.

ಹಾಗಾಗಿ ಕೈಬಂದೂಕಿನಲ್ಲಿ ನಿಮಗೆ ಉಳಿಯೋದು ಮುಖ್ಯವಾಗಿ ಎರಡು: .32 ಮತ್ತು .22. ಅದರಲ್ಲೂ ರಕ್ಷಣೆಗೆ ಅಂತ ತಗೊಳ್ಳೋರು ಸಾಮಾನ್ಯವಾಗಿ ತಗೊಳ್ಳೋದು .32. ಮುಗೀತು. "ಯಾವ ಕ್ಯಾಲಿಬರ್" ಅನ್ನೋ ಪ್ರಶ್ನೆಗೆ ಉತ್ತರ ಎರಡೇ ನಿಮಿಷದ್ದು.

.32 ಅಂದ್ರೆ ಏನು?

ಪಾಯಿಂಟ್ ಮೂವತ್ತೆರಡು ಅಂದ್ರೆ ಒಂದು ಇಂಚಿನ ನೂರರಲ್ಲಿ ಮೂವತ್ತೆರಡು ಭಾಗ, ಸುಮಾರು 8 ಮಿಲಿಮೀಟರ್. ಮಿಲಿಮೀಟರ್ ಲೆಕ್ಕದಲ್ಲಿ ಇದೇ ತೋಟೆಗೆ 7.65 ಅಂತಾರೆ. ನಮ್ಮ ಅಜ್ಜಂದಿರ ಕಾಲದ ಹನ್ನೆರಡು ಬೋರಿನ ಕೋವಿಯ ಲೆಕ್ಕ ಬೇರೆ. ಒಂದು ಪೌಂಡ್ ಸೀಸವನ್ನ ಹನ್ನೆರಡು ಸಮ ಗುಂಡು ಮಾಡಿದ್ರೆ ಒಂದು ಗುಂಡಿನ ಅಗಲ ಎಷ್ಟೋ ಅಷ್ಟು ನಳಿಗೆಯ ಅಗಲ, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಅಂದ್ರೆ ಕೋವಿಯಲ್ಲಿ ಬೋರ್ ಸಂಖ್ಯೆ ಜಾಸ್ತಿ ಆದಷ್ಟೂ ನಳಿಗೆ ಸಣ್ಣದು, ಪಿಸ್ತೂಲಲ್ಲಿ ಸಂಖ್ಯೆ ಜಾಸ್ತಿ ಆದಷ್ಟೂ ದೊಡ್ಡದು. ತುಂಬಾ ಜನ ಇಲ್ಲಿ ಗೊಂದಲ ಮಾಡ್ಕೋತಾರೆ.

ಇನ್ನೊಂದು ಗೊಂದಲ. .32 ರಿವಾಲ್ವರ್ ತೋಟೆ ಬೇರೆ, .32 ಪಿಸ್ತೂಲ್ ತೋಟೆ ಬೇರೆ. ರಿವಾಲ್ವರ್‌ದು ಉದ್ದ, 23 ಎಂಎಂ ಕೇಸ್. ಪಿಸ್ತೂಲ್‌ದು ಗಿಡ್ಡ, 17 ಎಂಎಂ. ಹೆಸರು ಒಂದೇ ಅಂತ ಒಂದರದ್ದು ಇನ್ನೊಂದಕ್ಕೆ ಹಾಕೋ ಹಾಗಿಲ್ಲ. ರಿವಾಲ್ವರ್ ಅಂದ್ರೆ ತಿರುಗೋ ಗುಂಡಾಲಿ ಇರೋದು, ಸಾಮಾನ್ಯವಾಗಿ ಆರು ತೋಟೆ. ಪಿಸ್ತೂಲ್ ಅಂದ್ರೆ ಹಿಡಿಯೊಳಗೆ ಮ್ಯಾಗಜೀನ್ ಇರೋದು.

ಕಾನ್ಪುರದ ಸರ್ಕಾರಿ ಕಾರ್ಖಾನೆಗಳಲ್ಲಿ .32 ರಿವಾಲ್ವರ್ ವರ್ಷಗಳಿಂದ ತಯಾರಾಗ್ತಿದೆ. 2014ರಲ್ಲಿ 'ನಿರ್ಭೀಕ್' ಅಂತ ಒಂದು ಬಂತು. ತೂಕ ಅರ್ಧ ಕಿಲೋ ಆಸುಪಾಸು. ದೆಹಲಿಯ ನಿರ್ಭಯಾ ಪ್ರಕರಣದ ನಂತರ ಹೆಣ್ಣುಮಕ್ಕಳಿಗೆ ಅಂತ ಪ್ರಚಾರ ಮಾಡಿದ್ರು. ಆಗಲೇ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ದಿನಾ ಬಸ್ಸಲ್ಲಿ ಓಡಾಡೋ ಯಾವ ಹುಡುಗಿ ಅಷ್ಟು ದುಡ್ಡು ಕೊಡ್ತಾಳೆ ಅಂತ ಆಗಲೇ ಜನ ಕೇಳಿದ್ರು. 2023ರಲ್ಲಿ 'ಪ್ರಬಲ್' ಅಂತ ಇನ್ನೊಂದು .32 ರಿವಾಲ್ವರ್ ಕಾನ್ಪುರದಿಂದಲೇ ಬಂತು. ಹೆಸರು ಬೇರೆ ಬೇರೆ, ಬೋರ್ ಮಾತ್ರ ಅದೇ.

ಈಗ ನಮ್ಮ ಹುಡುಗರು ಹೇಳೋದು ಏನಂದ್ರೆ, ".32 ಏನ್ ಬ್ರೋ, ಆಟದ ಸಾಮಾನು, ಅದ್ರಿಂದ ಏನಾಗುತ್ತೆ?" ಕಾಗದದ ಮೇಲೆ ನೋಡಿದ್ರೆ 9 ಎಂಎಂ ತೋಟೆಯ ಶಕ್ತಿ .32ರ ಎರಡು ಪಟ್ಟಿಗಿಂತ ಹೆಚ್ಚು, ನಿಜ. ಆದ್ರೆ ಎರಡು ದಿನಾಂಕ ನೆನಪು ಮಾಡ್ಕೊಳ್ಳಿ. 2015ರ ಆಗಸ್ಟ್ 30, ಧಾರವಾಡ, ಎಂ.ಎಂ. ಕಲಬುರ್ಗಿ. 2017ರ ಸೆಪ್ಟೆಂಬರ್ 5, ಬೆಂಗಳೂರಿನ ರಾಜರಾಜೇಶ್ವರಿ ನಗರ, ಗೌರಿ ಲಂಕೇಶ್. ಎರಡರ ತನಿಖೆಯಲ್ಲೂ, ವಿಧಿವಿಜ್ಞಾನ ಪರೀಕ್ಷೆಯಲ್ಲೂ ಬಂದಿದ್ದು 7.65 ಎಂಎಂ ನಾಡ ಪಿಸ್ತೂಲ್ ಅಂತ. ಅಂದ್ರೆ ನೀವು ಆಟದ ಸಾಮಾನು ಅಂತಿರೋ ಅದೇ ಅಳತೆ. ಮನೆ ಬಾಗಿಲಲ್ಲಿ ಬಿದ್ದ ಆ ಇಬ್ಬರನ್ನ ನೆನೆಸ್ಕೊಂಡ್ರೆ "ಸಣ್ಣ ಕ್ಯಾಲಿಬರ್" ಅನ್ನೋ ಮಾತು ಬಾಯಿಗೆ ಬರಲ್ಲ.

ಕೋವಿಗೆ ಒಂದು ನ್ಯಾಯ, ಪಿಸ್ತೂಲಿಗೆ ಇನ್ನೊಂದು

ಈಗ ಲೈಸೆನ್ಸ್ ವಿಷಯ. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೋವಿ ಹೊಸದಲ್ಲ. ಮೂಡಿಗೆರೆ, ಕೊಪ್ಪ, ನರಸಿಂಹರಾಜಪುರದ ಕಡೆ ಎಷ್ಟೋ ಮನೆಗಳ ಗೋಡೆಯಲ್ಲಿ ಜೋಡಿ ನಳಿಗೆ ನೇತಾಡ್ತಿರುತ್ತೆ. ತರೀಕೆರೆಯಲ್ಲೂ ಭದ್ರಾ ಕಾಡಿನ ಅಂಚಿನ ಹಳ್ಳಿಗಳಲ್ಲಿ ಇದೆ. ಕಡೂರು, ಅಜ್ಜಂಪುರ ಬಯಲು ಸೀಮೆ ಅಂದ್ರೂ ಹಂದಿ ಕಾಟ, ಚಿರತೆ ಸುದ್ದಿ ತಪ್ಪಲ್ಲ. ಹಾಗಾಗಿ "ಪಕ್ಕದ ಮನೆ ಅಜ್ಜನ ಹತ್ರ ಕೋವಿ ಲೈಸೆನ್ಸ್ ಇದೆ, ನಮಗೆ ಪಿಸ್ತೂಲ್ ಯಾಕೆ ಕೊಡಲ್ಲ?" ಅಂತ ಕೇಳ್ತಾರೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿ, ಗೊತ್ತಾಗುತ್ತೆ. ಕನಿಷ್ಠ 20 ಇಂಚು ನಳಿಗೆ ಇರೋ ಕೋವಿಯನ್ನ ರಕ್ಷಣೆಗೋ ಕ್ರೀಡೆಗೋ ಕೇಳಿದ್ರೆ, ಅಥವಾ ಬೆಳೆ ಕಾಯೋಕೆ ಕೇಪಿನ ಕೋವಿ ಕೇಳಿದ್ರೆ, ಬೇರೆ ಅಡ್ಡಿ ಏನೂ ಇಲ್ಲದಿದ್ದಾಗ ಕೊಡಬೇಕು ಅನ್ನೋ ಧಾಟಿಯಲ್ಲಿ ಕಾಯ್ದೆ ಇದೆ. ಕೇಪಿನ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದ್ರೆ ಬೇರೆ ಕೋವಿಗೂ ಅವಕಾಶ ಇದೆ. ಪಿಸ್ತೂಲ್, ರಿವಾಲ್ವರ್ ಇದರಲ್ಲಿ ಬರಲ್ಲ. ಅವು ಬರೋದು ಅದರ ಮುಂದಿನ ಸಾಲಲ್ಲಿ. ಅಲ್ಲಿ ನೀವು "ಸರಿಯಾದ ಕಾರಣ" ತೋರಿಸಬೇಕು, ಅದು ಅಧಿಕಾರಿಗೆ ಒಪ್ಪಿಗೆ ಆಗಬೇಕು. ಕೋವಿ ರೈತನ ಹತ್ಯಾರ ಅಂತ ಕಾಯ್ದೆ ಸ್ವಲ್ಪ ಮೆತ್ತಗೆ ನೋಡುತ್ತೆ. ಪಿಸ್ತೂಲ್ ಮನುಷ್ಯರ ಮೇಲೆ ಬಳಸೋದಕ್ಕೇ ಇರೋದು ಅಂತ ಅದಕ್ಕೆ ಗೊತ್ತು.

2016ರ ನಿಯಮಗಳಲ್ಲಿ ಇದು ಇನ್ನೂ ಸ್ಪಷ್ಟ ಆಯ್ತು. ವೃತ್ತಿಯ, ವ್ಯವಹಾರದ ಕಾರಣಕ್ಕೆ ಪ್ರಾಣ ಅಥವಾ ಆಸ್ತಿಯ ರಕ್ಷಣೆ ನಿಜವಾಗಲೂ ಬೇಕಾಗಿರಬೇಕು. ವಯಸ್ಸು 21 ದಾಟಿರಬೇಕು. ಅರ್ಜಿ ಈಗ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಾಗಿ ಪ್ರತಿ ಲೈಸೆನ್ಸಿಗೂ ಒಂದು ಗುರುತಿನ ಸಂಖ್ಯೆ ಬರುತ್ತೆ. ಪೊಲೀಸ್ ವರದಿ ಆಗಬೇಕು. ಬಂದೂಕು ಸುರಕ್ಷಿತವಾಗಿ ಬಳಸೋಕೆ ತರಬೇತಿ ಪಡೆದ ಪ್ರಮಾಣಪತ್ರ ಬೇಕು. ಹಲವು ಜಿಲ್ಲೆಗಳಲ್ಲಿ ಪೊಲೀಸರೇ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡ್ತಾರೆ. ನಮ್ಮಲ್ಲಿ ಕೊನೇ ಸಹಿ ಚಿಕ್ಕಮಗಳೂರಿನ ಜಿಲ್ಲಾಧಿಕಾರಿಯದ್ದು.

ಒಳ್ಳೆ ಸುದ್ದಿ ಒಂದಿದೆ. "ನಿನಗೆ ಆಸ್ತಿ ಇಲ್ಲ, ಅದಕ್ಕೆ ಕೊಡಲ್ಲ" ಅಂತ ಮಾತ್ರ ಕಾರಣ ಕೊಟ್ಟು ಅರ್ಜಿ ತಿರಸ್ಕರಿಸೋ ಹಾಗಿಲ್ಲ. ತಿರಸ್ಕರಿಸಿದ್ರೆ ಕಾರಣ ದಾಖಲಿಸಬೇಕು, ನೀವು ಮೇಲ್ಮನವಿ ಹಾಕಬಹುದು. ಆದ್ರೆ ಬಂದೂಕು ಇಟ್ಕೊಳ್ಳೋದು ನಮ್ಮ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ. ಅಮೆರಿಕದ ವಿಡಿಯೋ ನೋಡಿ "ನನ್ನ ಹಕ್ಕು" ಅಂತ ಡಿ.ಸಿ. ಆಫೀಸಲ್ಲಿ ಮಾತಾಡಿದ್ರೆ ಕೆಲಸ ಆಗಲ್ಲ.

ಮಧ್ಯದಲ್ಲಿ ಒಬ್ಬರು ಕೇಳಿದ್ರು: "ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗ್ಯಾಕೆ?" ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, 1861ರಿಂದ ಅಂತ ಹೇಳ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ಅದು ಅವರ ಇತಿಹಾಸ, ಪದ್ಧತಿಗೆ ಸಂಬಂಧಪಟ್ಟದ್ದು. ನಮ್ಮ ಮೂರು ತಾಲೂಕಿಗೆ ಅನ್ವಯಿಸಲ್ಲ.

ಮುಚ್ಚಿಟ್ಟುಕೊಂಡು ಓಡಾಡಬಹುದಾ?

ಇಲ್ಲೊಂದು ವಿಶೇಷ ಇದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಬಂದೂಕನ್ನ ಮರೆಮಾಡಿ ಒಯ್ಯೋಕೆ ಬೇರೆ ಪರ್ಮಿಟ್ ಬೇಕು. ನಮ್ಮಲ್ಲಿ ಉಲ್ಟಾ. 2016ರ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲ್ ಒಯ್ಯೋದಾದ್ರೆ ಅದಕ್ಕೆ ಅಂತಲೇ ಮಾಡಿದ ಹೋಲ್‌ಸ್ಟರ್ ಅಥವಾ ಅಂಥದ್ದೇ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲೇ ಇರಬೇಕು. ತೋರಿಸ್ಕೊಂಡು ಓಡಾಡಿದ್ರೆ, ಝಳಪಿಸಿದ್ರೆ ಲೈಸೆನ್ಸ್ ರದ್ದು.

ಅಂದ್ರೆ ಜಾತ್ರೆಯಲ್ಲಿ ಸೊಂಟದ ಮೇಲೆ ಕಾಣೋ ಹಾಗೆ ಸಿಗಿಸ್ಕೊಂಡು ಫೋಟೋ ತೆಗೆಸ್ಕೊಳ್ಳೋದು, ಬರ್ತ್‌ಡೇಯಲ್ಲಿ ಟೇಬಲ್ ಮೇಲೆ ಕೇಕ್ ಪಕ್ಕ ಇಟ್ಟು ರೀಲ್ಸ್ ಮಾಡೋದು, ಇವೆಲ್ಲ ತಾವೇ ಪೊಲೀಸರಿಗೆ ಸಾಕ್ಷಿ ಕಳಿಸಿದ ಹಾಗೆ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಅಂತ ಯಾರಿಗಾದ್ರೂ ಅಪಾಯ ಆಗೋ ಹಾಗೆ ಗುಂಡು ಹಾರಿಸಿದ್ರೆ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಅದೇ ತಿದ್ದುಪಡಿಯಲ್ಲಿ ಇನ್ನೂ ಕೆಲವು ಬದಲಾದವು. ಒಬ್ಬರು ಮೂರು ಬಂದೂಕು ಇಟ್ಕೊಳ್ಳಬಹುದಿತ್ತು, ಎರಡಕ್ಕೆ ಇಳೀತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಲೈಸೆನ್ಸ್ ಇಲ್ಲದೆ ಇಟ್ಕೊಂಡ್ರೆ ಕನಿಷ್ಠ ಎರಡು ವರ್ಷ, ಐದರವರೆಗೂ ಜೈಲು. ನಿರ್ಬಂಧಿತ ಬೋರ್ ಆದ್ರೆ ಕನಿಷ್ಠ ಏಳು ವರ್ಷ, ಹದಿನಾಲ್ಕರವರೆಗೂ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಒಬ್ಬ ಮೆಸೇಜಲ್ಲಿ ಕೇಳಿದ್ದಾನೆ, "ಉತ್ತರದ ಕಡೆಯಿಂದ ಒಂದು ನಾಟಿ ಪಿಸ್ತೂಲ್ ಕಡಿಮೆಗೆ ಸಿಗುತ್ತಂತೆ, ತರಿಸ್ಕೊಳ್ಳಲಾ?" ತಮ್ಮಾ, ಬೇಡ. ಡಿಗ್ರಿ ಮೂರು ವರ್ಷ, ಆ ಜೈಲು ಅದಕ್ಕಿಂತ ಜಾಸ್ತಿ ಆಗಬಹುದು. ಆ ನಾಟಿ ಸಾಮಾನು ಕೈಯಲ್ಲೇ ಒಡೆದು ಬೆರಳು ಹೋಗೋದು ಬೇರೆ.

ನಮ್ಮ ಮಾವನ ಲೆಕ್ಕ

ಈಗ ಮಾವನ ವಿಷಯಕ್ಕೆ ಬರ್ತೀನಿ. ಖೇಣಿ ಅಂದ್ರೆ ಗೊತ್ತಿಲ್ಲದವರಿಗೆ: ತೋಟದವರಿಂದ ಮರದ ಮೇಲಿನ ಹಸಿ ಅಡಿಕೆಯನ್ನ ಮಾತಾಡಿ ಕೊಂಡು, ಕೊಯ್ಲು ಮಾಡಿಸಿ, ಸುಲಿಸಿ, ಬೇಯಿಸಿ, ಒಣಗಿಸಿ, ರಾಶಿ ಮಾಡಿ ಮಾರೋದು. ಸೀಸನ್ನಲ್ಲಿ ತೋಟದವರಿಗೆ ಅಡ್ವಾನ್ಸ್ ಕೊಡಬೇಕು, ಕೊನೆಗಾರರಿಗೆ, ಸುಲಿಯೋ ಹೆಂಗಸರಿಗೆ ವಾರದ ಬಟವಾಡೆ ಮಾಡಬೇಕು. ಹಾಗಾಗಿ ಮಾವನ ಬೈಕಿನ ಟ್ಯಾಂಕ್ ಮೇಲೆ ಒಂದು ಹಳೇ ರೆಕ್ಸಿನ್ ಬ್ಯಾಗು. ಅದರಲ್ಲಿ ಏನಿದೆ ಅಂತ ಊರಿಗೆಲ್ಲ ಗೊತ್ತು.

ಹೋದ ಸೀಸನ್ನಲ್ಲಿ ಅಜ್ಜಂಪುರದ ಕಡೆಯಿಂದ ಸಂಜೆ ವಾಪಸ್ ಬರುವಾಗ ಒಂದು ಬೈಕು ಹಿಂದೆಯೇ ಬಂತಂತೆ. ಇವರು ನಿಧಾನ ಮಾಡಿದ್ರೆ ಅದೂ ನಿಧಾನ, ಜೋರು ಮಾಡಿದ್ರೆ ಅದೂ ಜೋರು. ಒಂದು ಊರೊಳಗೆ ಹೋಗಿ ಹೋಟೆಲ್ ಮುಂದೆ ನಿಂತರು. ಆ ಬೈಕು ಮುಂದೆ ಹೋಯ್ತು. ಅಷ್ಟೇ ನಡೆದಿದ್ದು. ಆದ್ರೆ ಅವತ್ತಿಂದ ಮಾವನಿಗೆ ನಿದ್ದೆ ಸರಿ ಇಲ್ಲ. "ಒಂದು ರಿವಾಲ್ವರ್ ತಗೋತೀನಿ" ಅಂತ ಶುರು ಮಾಡಿದ್ರು. ಪಿಯುಸಿ ಓದೋ ಅವರ ಮಗ ಫೋನಲ್ಲಿ ಕ್ಯಾಲಿಬರ್ ಹುಡುಕೋಕೆ ಶುರು ಮಾಡಿದ. ಅತ್ತೆ ಅಡಿಗೆಮನೆಯಿಂದಲೇ ಹೇಳಿದ್ರು, "ದುಡ್ಡು ಹೋದ್ರೆ ಇನ್ನೊಂದು ಸೀಸನ್ನಲ್ಲಿ ದುಡೀಬಹುದು. ಆ ಕಬ್ಬಿಣ ಈ ಮನೆಗೆ ಬಂದ್ರೆ ನಾನು ತವರಿಗೆ ಹೋಗ್ತೀನಿ."

ಮಾವ ನನ್ನ ಕರೆದು, "ನೀನು ಓದಿದವನು, ಲೆಕ್ಕ ಹಾಕಿ ಹೇಳು" ಅಂದ್ರು. ಅವರ ಭಯ ಸುಳ್ಳಲ್ಲ. ಆದ್ದರಿಂದ ನಗಾಡದೆ ಕೂತು ಲೆಕ್ಕ ಹಾಕಿದ್ವಿ.

ಮೊದಲು ಆ ಸಂಜೆಯನ್ನೇ ತಗೊಂಡ್ವಿ. ಮಾವ ಬೈಕ್ ಮೇಲಿದ್ದಾರೆ. ಎರಡು ಕೈ ಹ್ಯಾಂಡಲ್ ಮೇಲೆ. ತಲೆಗೆ ಹೆಲ್ಮೆಟ್, ಮೈಗೆ ಜರ್ಕಿನ್. ರಿವಾಲ್ವರ್ ನಿಯಮದ ಪ್ರಕಾರ ಜರ್ಕಿನ್ ಒಳಗೆ, ಅಂಗಿ ಕೆಳಗೆ, ಹೋಲ್‌ಸ್ಟರಿನಲ್ಲಿ. ಹಿಂದಿಂದ ಬಂದವನು ಬೈಕಿಗೆ ಒದೀತಾನೆ. ಈಗ ಮಾವ ಏನು ಮಾಡ್ತಾರೆ? ಬೀಳ್ತಾರೆ. ಬಿದ್ದವರು ಜಿಪ್ ಬಿಚ್ಚಿ, ಅಂಗಿ ಎತ್ತಿ, ರಿವಾಲ್ವರ್ ತೆಗೆಯೋವಷ್ಟರಲ್ಲಿ ಬ್ಯಾಗೂ ಇಲ್ಲ, ಬಹುಶಃ ರಿವಾಲ್ವರೂ ಇಲ್ಲ. ಆ ಬೋರು .32 ಆದ್ರೇನು, .45 ಆದ್ರೇನು? ಕಳ್ಳನಿಗೆ ಬ್ಯಾಗಿನ ದುಡ್ಡಿಗಿಂತ ಆ ರಿವಾಲ್ವರೇ ದೊಡ್ಡ ಲಾಭ. ನಾಳೆ ಅದು ಎಲ್ಲಿ ಸದ್ದು ಮಾಡಿದ್ರೂ ಮೊದಲು ಠಾಣೆಗೆ ಕರೆ ಬರೋದು ಮಾವನಿಗೆ.

ಎರಡನೇದು, ಮಾವ ಹೇಳಿದ್ರು, "ಹಾಗಲ್ಲ, ರಾತ್ರಿ ತೋಟದಲ್ಲಿ ಗೊನೆ ಕದಿಯೋರಿಗೆ ಹೆದರಿಸೋಕೂ ಆಗುತ್ತಲ್ಲ?" ಇದು ತುಂಬಾ ಅಪಾಯದ ಯೋಚನೆ. ಸ್ವಲ್ಪ ನಿಧಾನವಾಗಿ ಕೇಳಿಸ್ಕೊಳ್ಳಿ.

ಯಾವಾಗ ಗುಂಡು ಹಾರಿಸಬಹುದು?

2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ. ಹಕ್ಕು ಇದೆ, ಆದ್ರೆ ಬೇಲಿ ಹಾಕಿದ ಹಕ್ಕು. ಪೊಲೀಸರ ಸಹಾಯ ಪಡೆಯೋಕೆ ಸಮಯ ಇದ್ದಾಗ ಆ ಹಕ್ಕು ಇಲ್ಲ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಪೆಟ್ಟು ಕೊಡೋ ಹಾಗಿಲ್ಲ.

ನಿಮ್ಮ ಪ್ರಾಣಕ್ಕೇ ಅಪಾಯ, ತೀವ್ರ ಗಾಯದ ಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಇಂಥ ಸಂದರ್ಭದಲ್ಲಿ ಎದುರಾಳಿಯ ಸಾವಿನವರೆಗೂ ಹಕ್ಕು ಹೋಗುತ್ತೆ. ಆಸ್ತಿ ವಿಷಯದಲ್ಲಿ ದರೋಡೆ, ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ನುಗ್ಗೋದು, ವಾಸದ ಮನೆಗೆ ಬೆಂಕಿ ಹಚ್ಚೋದು, ಅಥವಾ ಸುಮ್ಮನಿದ್ರೆ ಪ್ರಾಣವೇ ಹೋಗುತ್ತೆ ಅನ್ನೋ ಭಯ ಹುಟ್ಟಿಸೋ ಕಳ್ಳತನ, ಇಷ್ಟಕ್ಕೆ ಮಾತ್ರ. ಬರೀ ಕಳ್ಳತನಕ್ಕೆ ಇಲ್ಲ.

ಅಂದ್ರೆ, ಯಾರೋ ಹುಡುಗ ರಾತ್ರಿ ತೋಟಕ್ಕೆ ನುಗ್ಗಿ ನಾಲ್ಕು ಗೊನೆ ಇಳಿಸಿಕೊಂಡು ಓಡ್ತಿದ್ದಾನೆ. ನೀವು ಹಿಂದಿಂದ ಗುಂಡು ಹಾರಿಸಿದ್ರಿ. ಅವನು ಸತ್ತ. ಅದು ಆತ್ಮರಕ್ಷಣೆ ಆಗಲ್ಲ. ನೀವು ಆರೋಪಿ. ನಾಲ್ಕು ಗೊನೆ ಅಡಿಕೆಗೆ ಒಂದು ಜೀವ, ಒಂದು ಕೇಸು, ವರ್ಷಗಟ್ಟಲೆ ಕೋರ್ಟು. ಆ ಹುಡುಗ ಪಕ್ಕದ ಊರಿನವನೇ ಆಗಿರ್ತಾನೆ, ಅವನ ಅಮ್ಮ ನಿಮ್ಮ ಮನೆಗೇ ಅಡಿಕೆ ಸುಲಿಯೋಕೆ ಬರ್ತಿರ್ತಾಳೆ. ಕತ್ತಲಲ್ಲಿ ನೀರು ಬಿಡೋಕೆ ಬಂದ ನಿಮ್ಮ ಆಳೇ ಆಗಿರಲೂಬಹುದು.

ಇನ್ನು ಚಿರತೆ, ಆನೆ. ಕೆಲವರು ಪಿಸ್ತೂಲ್ ಬೇಕು ಅನ್ನೋದಕ್ಕೆ ಇದನ್ನೂ ಕಾರಣ ಕೊಡ್ತಾರೆ. ಚಿರತೆಯೂ ಆನೆಯೂ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿವೆ. ನಿಜವಾದ ಪ್ರಾಣಾಪಾಯದಲ್ಲಿ ತನ್ನನ್ನೋ ಇನ್ನೊಬ್ಬರನ್ನೋ ಉಳಿಸೋಕೆ ಮಾಡಿದ್ದು ಅಪರಾಧ ಅಲ್ಲ ಅಂತ ಕಾಯ್ದೆಯಲ್ಲಿದೆ, ಸರಿ. ಆದ್ರೆ .32 ಗುಂಡು ತಿಂದ ಚಿರತೆ ಗಾಯಗೊಂಡ ಚಿರತೆ ಆಗುತ್ತೆ, ಅದರಷ್ಟು ಅಪಾಯದ್ದು ಇನ್ನೊಂದಿಲ್ಲ. ಆನೆಗಂತೂ ಅದು ಸೊಳ್ಳೆ ಕಚ್ಚಿದ ಹಾಗೆ. ಕಾಡಿನ ಅಂಚಲ್ಲಿ ಟಾರ್ಚು, ಜೊತೆಗೆ ಒಬ್ಬರು, ಜೋರಾಗಿ ಮಾತು, ಇವೇ ಹೆಚ್ಚು ಕೆಲಸಕ್ಕೆ ಬರೋದು.

ಮನೆಯೊಳಗಿನ ಲೆಕ್ಕ

ಮೂರನೇ ಲೆಕ್ಕ ಮನೆಯದ್ದು. ಬೀರುವಿನಲ್ಲಿ ಒಂದು ತುಂಬಿದ ರಿವಾಲ್ವರ್ ಇದೆ ಅಂದ್ಕೊಳ್ಳಿ. ಅದು ಕಳ್ಳ ಬಂದ ದಿನ ಮಾತ್ರ ಇರಲ್ಲ. ಅಣ್ಣ ತಮ್ಮಂದಿರು ಭಾಗದ ವಿಷಯಕ್ಕೆ ಜಗಳ ಆಡೋ ದಿನವೂ ಇರುತ್ತೆ. ಪಿಯುಸಿ ರಿಸಲ್ಟ್ ದಿನವೂ ಇರುತ್ತೆ. ಎಲೆಚುಕ್ಕೆ ರೋಗ ಬಂದು ತೋಟ ಒಣಗಿ, ಸಾಲದವರು ಬಾಗಿಲಿಗೆ ಬಂದ ರಾತ್ರಿಯೂ ಇರುತ್ತೆ. ಬೇಸರದ ಒಂದು ಗಳಿಗೆ ಹಾಗೇ ದಾಟಿಹೋಗುತ್ತೆ, ಕೈಗೆ ಬಂದೂಕು ಸಿಗದಿದ್ರೆ. ಈ ಮಾತು ಯಾರಿಗಾದ್ರೂ ತಟ್ಟಿದ್ರೆ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡ್ತಾರೆ.

ಹಾಗಂತ ತೋಟೆ ಒಂದು ಕಡೆ, ರಿವಾಲ್ವರ್ ಇನ್ನೊಂದು ಕಡೆ, ಎರಡಕ್ಕೂ ಬೀಗ ಹಾಕಿ ಇಟ್ಟರೆ? ಅದೇ ಸರಿಯಾದ ಕ್ರಮ. ಆದ್ರೆ ಹಾಗಿಟ್ಟ ಮೇಲೆ ನಡುರಾತ್ರಿ ಕಳ್ಳ ಬಂದಾಗ ಎರಡು ಬೀಗ ತೆಗೆಯೋಷ್ಟು ಹೊತ್ತು ಅವನು ಕಾಯಬೇಕು. ತಕ್ಷಣ ಕೈಗೆ ಸಿಗೋ ಹಾಗಿಟ್ಟರೆ ಮಕ್ಕಳಿಗೂ ಸಿಗುತ್ತೆ. ಈ ಕಗ್ಗಂಟು ಯಾವ ಕ್ಯಾಲಿಬರ್ ತಗೊಂಡ್ರೂ ಬಿಡಿಸೋಕಾಗಲ್ಲ.

ಜೊತೆಗೆ ಚುನಾವಣೆ. ನೀತಿ ಸಂಹಿತೆ ಬಂತು ಅಂದ್ರೆ ಠಾಣೆಯಿಂದ ಕರೆ: ಬಂದೂಕು ತಂದು ಜಮಾ ಮಾಡಿ. ಯಾರ್ಯಾರ ಬಂದೂಕು ಜಮಾ ಆಗಬೇಕು ಅಂತ ಪರಿಶೀಲಿಸೋಕೆ ಜಿಲ್ಲಾ ಮಟ್ಟದ ಸಮಿತಿ ಇರಬೇಕು ಅಂತ ಚುನಾವಣಾ ಆಯೋಗದ ಸೂಚನೆ ಇದೆ. ಆದರೂ ಪ್ರತಿ ಸಲ ಮಲೆನಾಡಿನ ರೈತರು "ಹಂದಿ ಮಂಗ ಓಡಿಸೋಕೆ ಇರೋ ಕೋವಿಯನ್ನೂ ಕೇಳ್ತಾರೆ" ಅಂತ ದೂರೋದು ಇದ್ದೇ ಇದೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ಅಷ್ಟು ವಾರ ನಿಮ್ಮ "ಸೇಫ್ಟಿ" ಠಾಣೆಯ ಕೋಣೆಯಲ್ಲಿ ಇರುತ್ತೆ.

ಬಿ.ಕಾಂ ಹುಡುಗನ ಸಲಹೆ

ಈಗ ನಾನು ನಿಜವಾಗಲೂ ಕಲಿತಿರೋ ವಿಷಯಕ್ಕೆ ಬರ್ತೀನಿ. ಮಾವನಿಗೆ ಕೇಳಿದೆ, "ನಿಮಗೆ ಭಯ ಯಾಕೆ ಬಂತು?" "ಬ್ಯಾಗಲ್ಲಿ ದುಡ್ಡಿತ್ತು." "ದುಡ್ಡು ಇಲ್ಲದಿದ್ರೆ?" "ಯಾರು ಬರ್ತಾರೆ?"

ಅಲ್ಲಿಗೆ ಬಂದೂಕಿನ ಪ್ರಶ್ನೆ ಬ್ಯಾಗಿನ ಪ್ರಶ್ನೆ ಆಯ್ತು. ಆದಾಯ ತೆರಿಗೆ ಕಾನೂನಿನ ಪ್ರಕಾರ ಒಬ್ಬರು ಒಂದೇ ದಿನ ಒಬ್ಬರಿಂದಲೇ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋ ಹಾಗಿಲ್ಲ. ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ರೈತರಿಂದ ಬೆಳೆ ಕೊಳ್ಳೋ ವ್ಯಾಪಾರಿಗೆ ನಗದಿನ ವಿಷಯದಲ್ಲಿ ಸ್ವಲ್ಪ ರಿಯಾಯಿತಿ ಇದೆ, ಆದ್ರೆ ಅದೂ ಈ ಎರಡು ಲಕ್ಷದ ಗೆರೆ ಒಳಗೆ. ಅಂದ್ರೆ ತೋಟದವರಿಗೆ ದೊಡ್ಡ ಅಡ್ವಾನ್ಸನ್ನ ಬ್ಯಾಗಲ್ಲಿ ಒಯ್ಯೋದು ಕಳ್ಳನ ಕಡೆಯಿಂದಲೂ ಅಪಾಯ, ಇಲಾಖೆ ಕಡೆಯಿಂದಲೂ ಅಪಾಯ. ಅದನ್ನ ಆರ್‌ಟಿಜಿಎಸ್ ಮಾಡಿದ್ರೆ ಎರಡೂ ಇಲ್ಲ.

ಮಾವ ಅಂದ್ರು, "ಹೆಂಗಸರಿಗೆ ಬಟವಾಡೆ?" ನಾವು ಪಟ್ಟಿ ಮಾಡಿದ್ವಿ. ಸುಲಿಯೋಕೆ ಬರೋ ಹೆಂಗಸರಲ್ಲಿ ಬ್ಯಾಂಕ್ ಖಾತೆ ಇಲ್ಲದವರು ಒಬ್ಬರೂ ಇರಲಿಲ್ಲ, ಗೃಹಲಕ್ಷ್ಮಿ ದುಡ್ಡು ಬರೋಕೆ ಅಂತ ಎಲ್ಲರೂ ಸರಿ ಮಾಡಿಸಿಕೊಂಡಿದ್ರು. ಆದ್ರೂ ಅರ್ಧ ಜನ "ಕೈಗೇ ಕೊಡಿ" ಅಂದ್ರು. ಕಾರಣ ಕೇಳಿದ್ರೆ ಒಬ್ಬಾಕೆ ಹೇಳಿದ್ದು: "ಖಾತೆಗೆ ಬಂದ್ರೆ ಫೋನು ಗಂಡನ ಹತ್ರ ಇರುತ್ತೆ." ಅದು ಅವರ ಸೇಫ್ಟಿ ಪ್ರಶ್ನೆ, ಅದಕ್ಕೂ ಬೆಲೆ ಕೊಡಬೇಕು. ಹಾಗಾಗಿ ಅವರಿಗೆ ನಗದು, ಉಳಿದವರಿಗೆ ಖಾತೆಗೆ. ಬ್ಯಾಂಕಿಗೆ ಹೋಗೋ ದಿನ, ಹೊತ್ತು, ದಾರಿ ಬದಲಾಯಿಸೋದು. ಸಂಜೆ ಆದ್ಮೇಲೆ ಒಬ್ಬರೇ ಬರೋದು ಬೇಡ, ಪಿಕಪ್ ಗಾಡಿಯಲ್ಲಿ ಇಬ್ಬರು ಬರೋದು. ಅಡಿಕೆ ಒಣಗಿಸೋ ಕಣಕ್ಕೆ ಎರಡು ಕ್ಯಾಮೆರಾ, ಒಂದು ಲೈಟು. 112 ನಂಬರ್ ಫೋನಿನ ಮೊದಲ ಪುಟದಲ್ಲಿ. ಎಲ್ಲಾ ಸೇರಿದ್ರೂ ಒಂದು ರಿವಾಲ್ವರಿನ ಬೆಲೆಯ ಕಾಲು ಭಾಗ ಆಗಲಿಲ್ಲ.

ಮಾವ ಅರ್ಜಿ ಹಾಕಿಲ್ಲ. "ಈ ಸೀಸನ್ ನೋಡೋಣ" ಅಂದಿದ್ದಾರೆ. ಪೂರ್ತಿ ಕೈ ಬಿಟ್ಟಿದ್ದಾರೆ ಅಂತ ನಾನು ಹೇಳಲ್ಲ. ರೆಕ್ಸಿನ್ ಬ್ಯಾಗು ಇನ್ನೂ ಟ್ಯಾಂಕ್ ಮೇಲೇ ಇದೆ, ಈಗ ಅದರಲ್ಲಿ ಹೆಚ್ಚಾಗಿ ಇರೋದು ತೂಕದ ಚೀಟಿ ಪುಸ್ತಕ ಮತ್ತು ಅತ್ತೆ ಕಟ್ಟಿಕೊಟ್ಟ ರೊಟ್ಟಿ.

ನಿಮ್ಮಲ್ಲಿ ಯಾರಿಗಾದ್ರೂ ನಿಜವಾಗಲೂ ಪ್ರಾಣ ಬೆದರಿಕೆ ಇರಬಹುದು. ಅಂಥವರು ಮೊದಲು ಠಾಣೆಯಲ್ಲಿ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಆಮೇಲೆ ಲೈಸೆನ್ಸಿಗೆ ಅರ್ಜಿ ಹಾಕಿದ್ರೆ ಆ ದೂರೇ ನಿಮ್ಮ "ಸರಿಯಾದ ಕಾರಣ"ಕ್ಕೆ ಆಧಾರ ಆಗುತ್ತೆ. ತರಬೇತಿ ತಗೊಳ್ಳಿ, ಬೀಗ ಹಾಕಿ ಇಡಿ, ಯಾರಿಗೂ ತೋರಿಸಬೇಡಿ. ಉಳಿದವರು, ಅಂದ್ರೆ ವಿಡಿಯೋ ನೋಡಿ ಆಸೆ ಆದವರು, ಶೂಟಿಂಗ್ ಇಷ್ಟ ಆದ್ರೆ ಕ್ಲಬ್ಬಿಗೆ ಹೋಗಿ ಏರ್ ಪಿಸ್ತೂಲಿನಲ್ಲಿ ಗುರಿ ಕಲಿಯಿರಿ. ಅದು ಒಲಿಂಪಿಕ್ಸ್ ಕ್ರೀಡೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದಿದ್ದು ಅದರಲ್ಲೇ.

ಹಾಗಾದ್ರೆ ಇವತ್ತಿಗೆ ಇಷ್ಟು. ಕಡೂರಿನ ಆ ಕೊಬ್ಬರಿ ವ್ಯಾಪಾರಿಯ ಮಗ, ನೀನು ಕೇಳಿಸ್ಕೊಳ್ತಿದ್ರೆ ಒಂದು ಕೆಲಸ ಮಾಡು. ನಿಮ್ಮಪ್ಪ ವಾರಕ್ಕೆ ಎಷ್ಟು ಸಲ, ಎಷ್ಟು ನಗದು ಒಯ್ತಾರೆ ಅಂತ ಒಂದು ಹಾಳೆ ಮೇಲೆ ಬರಿ. ಅದನ್ನ ಅರ್ಧ ಮಾಡೋಕೆ ಆಗುತ್ತಾ ನೋಡು. ಆಮೇಲೆ ನನಗೊಂದು ವಾಯ್ಸ್ ಮೆಸೇಜ್ ಹಾಕು. ಮುಂದಿನ ವಾರ ಅಡಿಕೆ ತೋಟಕ್ಕೆ ಬೆಳೆ ವಿಮೆ, ಯಾಕೆ ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ ಅನ್ನೋದನ್ನ ಮಾತಾಡೋಣ. ಸಿಗೋಣ, ನಮಸ್ಕಾರ.